ಕಳಸಗಿತ್ತಿಯನ್ನು ಅಳಿಸಬೇಕಂತೆ

ವಿಜಯನಗರದ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ಒಂದು ಬೇಕರಿ ಇದೆ. ಅದರ ಮೇಲಿನ ಮಹಡಿಯ ಒಂದೇ ಒಂದು ಕೋಣೆಯಲ್ಲಿ ಕುಸುಮಾಳ ಅಂಗಡಿ. ಗಂಡ ನಾಗಭೂಷಣ್ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಮದುವೆ, ನಾಮಕರಣ, ಗೃಹಪ್ರವೇಶ ಎಂದು ಊರು ಸುತ್ತುತ್ತಾನೆ. ಕಂಪ್ಯೂಟರ್ ಮುಂದೆ ಕೂತು ಎಡಿಟಿಂಗ್ ಮಾಡುವವಳು ಇವಳು. ಹೊಸ ವಿಡಿಯೊಗಳಿಗಿಂತ ಅವಳಿಗೆ ಹೆಸರು ತಂದಿದ್ದು ಹಳೆಯ ಕ್ಯಾಸೆಟ್ಟುಗಳು. ಬೂಸಲು ಹಿಡಿದ, ಬಣ್ಣ ಕೆಟ್ಟ, ಪರದೆ ತುಂಬ ಗೀರು ಬೀಳುವ ಕ್ಯಾಸೆಟ್ಟುಗಳನ್ನು ಬಸವೇಶ್ವರನಗರದಿಂದ, ಕೆಂಗೇರಿಯಿಂದ ಜನ ಚೀಲದಲ್ಲಿ ಸುತ್ತಿಕೊಂಡು ತರುತ್ತಾರೆ. ಕುಸುಮಾ ಮೊದಲು ಟೇಪನ್ನು ಒರೆಸಿ ಒಣಗಿಸಿ, ಹಳೆಯ ವಿಸಿಆರ್‌ನಲ್ಲಿ ಓಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಾಳೆ. ಆಮೇಲೆ ಶುರುವಾಗುತ್ತದೆ ಅವಳ ನಿಜವಾದ ಕೆಲಸ.

ಆ ಕೆಲಸದಲ್ಲಿ ಅವಳಿಗೊಂದು ಹಟ ಇತ್ತು. ಈಗಿನ ಸಾಫ್ಟ್‌ವೇರಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಮಸುಕಾದ ಮುಖವೆಲ್ಲ ನುಣ್ಣಗೆ ಹೊಳೆಯುತ್ತದೆ. ಗಿರಾಕಿಗಳಿಗೆ ಅದೇ ಬೇಕು. ಕುಸುಮಾ ಆ ನುಣುಪನ್ನು ಅರ್ಧಕ್ಕಿಂತ ಮೇಲೆ ಏರಿಸುತ್ತಿರಲಿಲ್ಲ. “ಸಿಡುಬಿನ ಕಲೆ ಇದ್ದ ತಾತನ ಮುಖ ಕಲೆ ಸಮೇತಾನೇ ಬರುತ್ತೆ. ಮೇಣದ ಬೊಂಬೆ ಬೇಕು ಅಂದ್ರೆ ಬೇರೆ ಕಡೆ ಮಾಡಿಸ್ಕೊಳ್ಳಿ” ಎಂದುಬಿಡುತ್ತಿದ್ದಳು. ಕೆಲವರು ಗೊಣಗಿಕೊಂಡು ಎದ್ದು ಹೋಗುತ್ತಿದ್ದರು. ಹೆಚ್ಚಿನವರು ಒಪ್ಪುತ್ತಿದ್ದರು.

ಕುಸುಮಾ ಹುಟ್ಟಿ ಬೆಳೆದದ್ದು ಮಲ್ಲತ್ತಹಳ್ಳಿಯಲ್ಲಿ. ಅಪ್ಪ ಕೆಂಪಯ್ಯ ರಾಗಿ ಬೆಳೆಯುತ್ತಿದ್ದ ಹೊಲ ಬಡಾವಣೆಯಾಗಿ, ಮನೆಯ ಸುತ್ತ ಬಾಡಿಗೆ ಮನೆಗಳು ಏಳುತ್ತಿದ್ದ ಕಾಲ ಅದು. ಎರಡು ಸಾವಿರದ ಇಸವಿಯಲ್ಲಿ ಅಣ್ಣ ಮಂಜುನಾಥನ ಮದುವೆ ಮಾಗಡಿ ರಸ್ತೆಯ ಒಂದು ಛತ್ರದಲ್ಲಿ ನಡೆಯಿತು. ಅವರ ಕಡೆ ಗಂಡಿನ ತಂಗಿಯೇ ಕಳಸಗಿತ್ತಿ. ಮಾವಿನ ಎಲೆ, ತೆಂಗಿನಕಾಯಿ ಇಟ್ಟ ತುಂಬಿದ ಕಳಸವನ್ನು ಎರಡೂ ಕೈಯಲ್ಲಿ ಹಿಡಿದು, ಶಾಸ್ತ್ರಗಳೆಲ್ಲ ಮುಗಿಯುವ ತನಕ ಮದುಮಗನ ಮಗ್ಗುಲು ಬಿಡದೆ ನಿಲ್ಲಬೇಕು. ಇಪ್ಪತ್ತೆರಡು ವರ್ಷದ ಕುಸುಮಾ ಹಾಗೆ ನಿಂತಿದ್ದಳು. ಆ ಮದುವೆಯ ವಿಡಿಯೊ ತೆಗೆಯಲು ಬಂದವನು ನಾಗಭೂಷಣ್, ದಾವಣಗೆರೆ ಕಡೆಯ ಲಿಂಗಾಯತರ ಹುಡುಗ. ಆಗಷ್ಟೇ ವಿಜಯನಗರದಲ್ಲಿ ಸ್ಟುಡಿಯೊ ಇಟ್ಟಿದ್ದ. ಕ್ಯಾಸೆಟ್ ತಲುಪಿಸಲು ಮನೆಗೆ ಬಂದವನಿಗೆ ಕುಸುಮಾ ನೀರು ಕೊಟ್ಟಳು. ಅವನು ಕ್ಯಾಸೆಟ್ಟಿನ ಡಬ್ಬಿ ಮರೆತೆ ಎಂದು ಮತ್ತೆ ಬಂದ. ಬಿಲ್ಲು ಕೊಡಲಿಲ್ಲವೆಂದು ಇನ್ನೊಮ್ಮೆ ಬಂದ. ಮರುವರ್ಷ ಇಬ್ಬರೂ ಜಾತಿ ಮೀರಿ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದರು.

“ನಮಗೆ ತಂಗಿ ಅನ್ನೋಳು ಇರ್ಲೇ ಇಲ್ಲ ಅನ್ಕೋತೀವಿ” ಎಂದ ಮಂಜುನಾಥ. ಹೇಳಿ ಸುಮ್ಮನಾಗಲಿಲ್ಲ. ತನ್ನ ಮದುವೆಯ ಆಲ್ಬಮ್ ತೆರೆದು, ಕತ್ತರಿ ಹಿಡಿದು, ಒಂದೊಂದೇ ಫೋಟೊದಿಂದ ತಂಗಿಯನ್ನು ಕತ್ತರಿಸಿ ಹಾಕಿದ. ಕ್ಯಾಸೆಟ್ಟಿನ ಮೇಲೆ ಕತ್ತರಿ ಆಡುವಂತಿರಲಿಲ್ಲ. ಅದು ಅಟ್ಟ ಸೇರಿತು.

ಅಪ್ಪ ತೀರಿಕೊಂಡ ದಿನ ಕುಸುಮಾ ಮಲ್ಲತ್ತಹಳ್ಳಿಗೆ ಹೋದಳು. ಗೇಟಿನಲ್ಲಿ ಚಿಕ್ಕಪ್ಪನ ಮಗ ಅಡ್ಡ ನಿಂತ. “ನನ್ನ ಮುಟ್ಟಿ ತಡಿಯೋ ಧೈರ್ಯ ಇದ್ರೆ ತಡಿ” ಎಂದು ಅವಳು ನೇರ ಒಳಗೆ ನಡೆದು, ಅಪ್ಪನ ಕಾಲು ಹಿಡಿದು ಅತ್ತು, ಯಾರನ್ನೂ ಮಾತಾಡಿಸದೆ ಹಿಂತಿರುಗಿದಳು. ಅಮ್ಮ ಬೋರಮ್ಮ ಆಗಾಗ ಯಾರದೋ ಫೋನಿನಿಂದ ಕದ್ದು ಮಾತಾಡುತ್ತಿದ್ದಳು. “ಊಟ ಆಯ್ತಾ, ಮಗು ಹೆಂಗೈತೆ” ಅನ್ನುವಷ್ಟರಲ್ಲಿ ಯಾರಾದರೂ ಬಂದುಬಿಡುತ್ತಿದ್ದರು. ಇಪ್ಪತ್ತನಾಲ್ಕು ವರ್ಷ ಹೀಗೇ ಕಳೆಯಿತು. ಈ ನಡುವೆ ಕ್ಯಾಸೆಟ್ಟುಗಳ ಕಾಲ ಹೋಗಿ ಕಂಪ್ಯೂಟರ್ ಬಂತು. ನಾಗಭೂಷಣನಿಗೆ ಅದು ಒಗ್ಗಲಿಲ್ಲ. ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಕುಸುಮಾ ಎಡಿಟಿಂಗ್ ಕಲಿತಳು.

ಹೋದ ವರ್ಷ ಒಂದು ಬೆಳಗ್ಗೆ ಒಬ್ಬ ಹುಡುಗಿ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಪ್ಲಾಸ್ಟಿಕ್ ಕವರು.

“ಅತ್ತೆ, ನಾನು ಚೈತ್ರ. ಮಂಜುನಾಥ್ ಮಗಳು.”

ಕುಸುಮಾ ಕಿವಿಯ ಹೆಡ್‌ಫೋನ್ ತೆಗೆದಳು. ಹುಡುಗಿಯ ಹಣೆ ಅಪ್ಪ ಕೆಂಪಯ್ಯನ ಹಣೆಯಂತೆಯೇ ಇತ್ತು.

“ನಿಮ್ಮಪ್ಪಂಗೆ ಗೊತ್ತಾ, ನೀನು ಇಲ್ಲಿಗೆ ಬಂದಿರೋದು?”

“ಇಲ್ಲ. ಅಜ್ಜಿಗೆ ಗೊತ್ತು. ಅಡ್ರೆಸ್ ಕೊಟ್ಟಿದ್ದೇ ಅಜ್ಜಿ.”

ಕವರಿನಲ್ಲಿದ್ದದ್ದು ಆ ಮದುವೆಯ ಕ್ಯಾಸೆಟ್. ಅಪ್ಪ ಅಮ್ಮನ ಇಪ್ಪತ್ತೈದನೇ ವಾರ್ಷಿಕೋತ್ಸವವನ್ನು ಕೆಂಗೇರಿ ಉಪನಗರದ ಒಂದು ಹಾಲ್‌ನಲ್ಲಿ ಮಾಡುತ್ತಿದ್ದಾರೆ, ಅಲ್ಲಿ ದೊಡ್ಡ ಪರದೆಯ ಮೇಲೆ ಮದುವೆಯ ವಿಡಿಯೊ ಹಾಕಬೇಕು, ಅಟ್ಟದಲ್ಲಿ ಹುಡುಕಿದಾಗ ಇದು ಸಿಕ್ಕಿತು ಎಂದಳು ಚೈತ್ರ. “ಇದನ್ನ ನೀವೇ ಸರಿ ಮಾಡ್ಬೇಕು ಅಂತ ಅಜ್ಜಿ ಅಂದ್ರು.”

ಕುಸುಮಾ ಕ್ಯಾಸೆಟ್ ಕೈಗೆ ತೆಗೆದುಕೊಂಡಳು. ಅಂಚಿನ ಪಟ್ಟಿಯ ಮೇಲೆ ನಾಗಭೂಷಣನ ಅಕ್ಷರ ಮಾಸಿತ್ತು. “ಬಿಟ್ಟು ಹೋಗು” ಎಂದಳು.

ಟೇಪಿನ ಸ್ಥಿತಿ ಕೆಟ್ಟಿತ್ತು. ಅಲ್ಲಲ್ಲಿ ಬಿಳಿ ಬೂಸಲು. ಓಡಿಸಿದಾಗ ಚಿತ್ರ ಅಡ್ಡಡ್ಡ ಹರಿದು ಅಲುಗಾಡುತ್ತಿತ್ತು, ಸೀರೆಗಳ ಕೆಂಪು ಅಂಚು ದಾಟಿ ಪಕ್ಕದವರ ಮೈಮೇಲೆ ಸೋರಿತ್ತು, ಯಾರಾದರೂ ಕೈ ಎತ್ತಿದರೆ ಬಾಚಣಿಗೆಯ ಹಲ್ಲಿನ ಹಾಗೆ ಗೆರೆಗಳು ಏಳುತ್ತಿದ್ದವು. ಕುಸುಮಾ ಬೇರೆ ಕೆಲಸಗಳನ್ನು ಬದಿಗಿಟ್ಟಳು. ಮೊದಲು ಆ ಗೆರೆಗಳನ್ನು ಕೂಡಿಸಿ ಚಲನೆಯನ್ನು ನಯ ಮಾಡಿದಳು. ಆಮೇಲೆ ಅಲುಗಾಟ ನಿಲ್ಲಿಸಿದಳು. ಇರುವೆ ಹರಿದಾಡಿದಂತಿದ್ದ ಚುಕ್ಕೆಗಳನ್ನು ಸ್ವಲ್ಪ ಸ್ವಲ್ಪವೇ ತೆಗೆದಳು, ಜಾಸ್ತಿ ತೆಗೆದರೆ ಅಮ್ಮನ ಸೀರೆಯ ಕಡ್ಡಿ ಗೆರೆಯೂ ಅಳಿಸಿಹೋಗುತ್ತಿತ್ತು. ಕೊನೆಗೆ ಬಣ್ಣ. ಛತ್ರದ ಟ್ಯೂಬ್‌ಲೈಟಿಗೆ ಎಲ್ಲರ ಮೈಯೂ ಹಸಿರು ಹೊಡೆದಿತ್ತು. ಆ ಹಸಿರನ್ನು ಇಳಿಸುತ್ತ ಬಂದಂತೆ ಒಬ್ಬೊಬ್ಬರೇ ತಮ್ಮ ತಮ್ಮ ಬಣ್ಣಕ್ಕೆ ಮರಳಿದರು. ಎಲೆ ಅಡಿಕೆ ಹಾಕಿಕೊಂಡ ಅತ್ತೆಯರು, ನಾಚಿಕೊಂಡ ಮದುಮಗಳು, ಪೇಟ ಸರಿಯಾಗಿ ಕೂರದೆ ಒದ್ದಾಡುತ್ತಿದ್ದ ಅಣ್ಣ. ಅವನ ಪಕ್ಕದಲ್ಲಿ, ಪ್ರತಿ ದೃಶ್ಯದಲ್ಲೂ, ಕಳಸ ಹಿಡಿದ ತಾನು.

ಧಾರೆಯ ಭಾಗಕ್ಕೆ ಬಂದಾಗ ಅವಳ ಕೈ ನಿಂತಿತು. ಮಂತ್ರ ಉದ್ದವಾಗಿ ಸಾಗುತ್ತಿದೆ. ಕಳಸದ ಭಾರಕ್ಕೆ ಹುಡುಗಿಯ ಕೈ ನಡುಗುತ್ತಿದೆ. ಹಿಂದೆ ನಿಂತಿದ್ದ ಅಪ್ಪ ಅದನ್ನು ನೋಡಿ ಮುಂದೆ ಬರುತ್ತಾನೆ, ಏನೋ ಹೇಳುತ್ತಾನೆ, ಕಳಸವನ್ನು ತಾನು ತೆಗೆದುಕೊಳ್ಳುತ್ತಾನೆ. ಹುಡುಗಿ ಕೈ ಕೊಡವಿಕೊಳ್ಳುತ್ತಾಳೆ. ಅಪ್ಪ ನಗುತ್ತಾನೆ, ಕಳಸ ವಾಪಸ್ ಕೊಡುತ್ತಾನೆ. ಆ ಗಳಿಗೆ ಕುಸುಮಾಳಿಗೆ ಪೂರ್ತಿ ಮರೆತುಹೋಗಿತ್ತು. ಅಪ್ಪ ಅಂದರೆ ಕಣ್ಣು ಮುಚ್ಚಿ ಮಲಗಿಸಿದ್ದ ಆ ಕೊನೆಯ ಮುಖವೇ ಇಷ್ಟು ವರ್ಷ ಅವಳ ಕಣ್ಣ ಮುಂದಿತ್ತು. ಅವಳು ಕುರ್ಚಿಯಿಂದ ಎದ್ದು, ಕಿಟಕಿಯ ಹತ್ತಿರ ಹೋಗಿ, ಸ್ವಲ್ಪ ಹೊತ್ತು ರಸ್ತೆ ನೋಡುತ್ತ ನಿಂತಳು.

ಚೈತ್ರಳಿಗೆ ಒಂದು ತುಣುಕನ್ನು ಮೊಬೈಲಿಗೆ ಕಳಿಸಿದಳು. ಹುಡುಗಿ ಖುಷಿ ತಡೆಯಲಾರದೆ ಮನೆಯಲ್ಲಿ ತೋರಿಸಿದಳು. ಯಾವ ಸ್ಟುಡಿಯೊ ಎಂದು ಮಂಜುನಾಥ ಕೇಳಲಿಲ್ಲ, ವಿಜಯನಗರ ಎಂದ ಕೂಡಲೇ ಅವನಿಗೆ ಗೊತ್ತಾಯಿತು. ಎರಡು ದಿನ ಬಿಟ್ಟು ತಾನೇ ಬಂದ.

ತಲೆ ಪೂರ್ತಿ ನೆರೆತಿತ್ತು. ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು. ಕುಸುಮಾ ಕುರ್ಚಿ ತೋರಿಸಿದಳು, ಕೆಳಗಿನ ಬೇಕರಿಯಿಂದ ಕಾಫಿ ತರಿಸಿದಳು, ಧಾರೆಯ ಭಾಗ ಹಾಕಿದಳು. ಅಪ್ಪ ನಗುವುದನ್ನು ನೋಡಿ ಮಂಜುನಾಥ ಕನ್ನಡಕ ತೆಗೆದು ಒರೆಸಿಕೊಂಡ.

“ಚೆನ್ನಾಗಿ ಮಾಡಿದೀಯ.”

“ನನ್ನ ಕೆಲ್ಸ ಅಲ್ವಾ ಅಣ್ಣ.”

ಕಾಫಿ ಮುಗಿಸಿ ಲೋಟ ಪಕ್ಕಕ್ಕಿಟ್ಟ. “ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಚೈತ್ರಂಗೆ ಸಂಬಂಧ ಬಂದಿದೆ, ರಾಜಾಜಿನಗರದೋರು. ಫಂಕ್ಷನ್ನಿಗೆ ಅವ್ರೂ ಬರ್ತಾರೆ. ನಮ್ಮಪ್ಪಂಗೆ ನಾನೊಬ್ನೇ ಮಗ, ಬೇರೆ ಯಾರೂ ಇಲ್ಲ ಅಂತ ಅವ್ರಿಗೆ ಹೇಳಿದೀವಿ.”

ಕುಸುಮಾ ಓಡುತ್ತಿದ್ದ ವಿಡಿಯೊವನ್ನು ನಿಲ್ಲಿಸಿದಳು.

“ಈಗಿನ ಸಾಫ್ಟ್‌ವೇರಲ್ಲಿ ಯಾರನ್ನ ಬೇಕಾದ್ರೂ ತೆಗೀಬೋದಂತಲ್ಲ. ಹೆಂಗೂ ಕ್ವಾಲಿಟಿ ಇಂಪ್ರೂವ್ ಮಾಡ್ತಾ ಇದೀಯ. ಅದರ ಜೊತೆಗೇ ಅದೂ ಒಂದು ಆಗ್ಬಿಟ್ರೆ…”

“ಅದೂ ಒಂದು ಅಂದ್ರೆ?”

“ನಿನ್ನ ತೆಗೆದುಬಿಡು.” ಅವನು ಅವಳ ಮುಖ ನೋಡದೆ ಹೇಳಿದ. “ಹೊರಗಿನೋರ ಕೈಲಿ ಮಾಡಿಸೋದು ಬೇಡ ಅಂತಾನೇ ನಿನ್ನ ಹತ್ರ ಬಂದೆ. ಇದೊಂದು ಮಾಡ್ಕೊಡು. ಮದುವೆ ಮುಗೀಲಿ, ಆಮೇಲೆ ಹೋಗ್ತಾ ಬರ್ತಾ ಇರೋಣ. ಅಮ್ಮನ್ನ ನಾನೇ ಇಲ್ಲಿಗೆ ಕರ್ಕೊಂಡ್ಬರ್ತೀನಿ.”

ಅಮ್ಮನ ಹೆಸರು ಬಂದಾಗ ಕುಸುಮಾ ಕಂಪ್ಯೂಟರಿನ ಕಡೆ ತಿರುಗಿದಳು. ಪರದೆಯ ಮೇಲೆ ಹುಡುಗಿ ಕಳಸ ಹಿಡಿದು ನಿಂತೇ ಇದ್ದಳು.

“ಆಗಲ್ಲ ಅಣ್ಣ.”

“ಮಾಡಕ್ಕೆ ಆಗಲ್ವಾ? ಇಲ್ಲ ನೀನು ಮಾಡಲ್ವಾ?”

“ಮಾಡಕ್ಕೆ ಆಗುತ್ತೆ. ನಾನು ಮಾಡಲ್ಲ.”

“ಹಟ ಹಿಡೀಬೇಡ ಕಣೇ. ಒಂದು ಹುಡುಗಿ ಜೀವನದ ಪ್ರಶ್ನೆ.”

“ಆ ಹುಡುಗಿ ಜೀವನ ನಾನಿರೋದ್ರಿಂದ ಹಾಳಾಗಲ್ಲ. ಅವತ್ತು ಆಲ್ಬಮ್ಮಿಗೆ ಕತ್ತರಿ ಹಾಕಿದೋನು ನೀನು. ಈಗ ಆ ಕತ್ತರಿನ ನನ್ನ ಕೈಗೇ ಕೊಡ್ತಾ ಇದೀಯ. ನನ್ನ ಕೈಯಿಂದ ನನ್ನನ್ನೇ ಕತ್ತರಿಸ್ಕೋಬೇಕಾ?”

ಮಂಜುನಾಥ ಎದ್ದು ನಿಂತ. “ಟೇಪ್ ಕೊಡು ಹಾಗಾದ್ರೆ.”

ಕುಸುಮಾ ಕ್ಯಾಸೆಟ್ಟನ್ನು ಡಬ್ಬಿಗೆ ಹಾಕಿ ಅವನ ಕೈಗಿತ್ತಳು. “ತಗೋ. ಟೇಪ್ ನಿಂದು.”

“ಕಂಪ್ಯೂಟರಲ್ಲಿ ಇರೋದು?”

“ಅದನ್ನ ಅಳಿಸಲ್ಲ. ಅದ್ರಲ್ಲಿ ಅಪ್ಪ ಇದಾರೆ. ಅಪ್ಪ ನಿನಗೊಬ್ಬನಿಗೇ ಅಪ್ಪ ಅಲ್ಲ.”

ಸಂಜೆ ನಾಗಭೂಷಣ್ ಬಂದಾಗ ಎಲ್ಲ ಹೇಳಿದಳು. ಅವನು ಕ್ಯಾಮೆರಾ ಬ್ಯಾಗ್ ಇಳಿಸಿ, “ಮಾಡಿಕೊಟ್ಟುಬಿಡಬೇಕಿತ್ತೇನೋ. ನಿಮ್ಮಮ್ಮ ಬರೋ ಹಾಗಾಗ್ತಿತ್ತು” ಎಂದ.

“ಅದು ನೀವು ತೆಗೆದ ವಿಡಿಯೊ ಕಣ್ರೀ.”

“ಅದೂ ಹೌದು. ಅಳಿಸೋದು ಸುಲಭ ಅಲ್ಲ. ಕ್ಯಾಮೆರಾ ಹೊರಳಿ ಹೊರಳಿ ನಿನ್ನ ಕಡೇನೇ ಬರ್ತಿತ್ತು.”

ಕುಸುಮಾ ಅಂದು ಮೊದಲ ಸಲ ನಕ್ಕಳು.

ಸಮಾರಂಭದ ಹಿಂದಿನ ದಿನ ಚೈತ್ರಳ ಫೋನ್ ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದಳು. “ಅತ್ತೆ, ಅಪ್ಪ ಬೇರೆ ಕಡೆ ಕೊಟ್ಟು ನಿಮ್ಮನ್ನ ತೆಗೆಸಿದಾರೆ. ಎರಡೇ ದಿನದಲ್ಲಿ ಮಾಡ್ಕೊಟ್ರಂತೆ. ನಾನು ಬೇಡ ಅಂದೆ, ಕೇಳ್ಲಿಲ್ಲ. ಸಾರಿ ಅತ್ತೆ.”

“ನೀನ್ಯಾಕೆ ಸಾರಿ ಕೇಳ್ತೀಯ? ಫಂಕ್ಷನ್ ಎಷ್ಟೊತ್ತಿಗೆ?”

ಮರುದಿನ ಭಾನುವಾರ. ಕುಸುಮಾ ಮೆರೂನ್ ಬಣ್ಣದ ರೇಷ್ಮೆ ಸೀರೆ ಉಟ್ಟು, ಗಂಡನ ಬೈಕ್ ಹತ್ತಿ ಕೆಂಗೇರಿ ಉಪನಗರಕ್ಕೆ ಹೊರಟಳು. ನಾಗಭೂಷಣ್ ಬೈಕ್ ನಿಲ್ಲಿಸಿ ಬರುವ ತನಕವೂ ಕಾಯಲಿಲ್ಲ. ಹಾಲ್ ತುಂಬಿತ್ತು. ಬಾಗಿಲಲ್ಲಿ ಪನ್ನೀರು ಎರಚುತ್ತಿದ್ದ ಹುಡುಗಿಯರಿಗೆ ಅವಳು ಯಾರೆಂದು ಗೊತ್ತಿರಲಿಲ್ಲ, ಅವಳಿಗೂ ಎರಚಿ ಹೂ ಕೊಟ್ಟರು. ಹೂವನ್ನು ಮುಡಿದುಕೊಂಡು ಕುಸುಮಾ ನಡುದಾರಿಯಲ್ಲಿ ನಡೆದು ಬಂದಳು. ಎರಡೂ ಬದಿಯ ಕುರ್ಚಿಗಳಲ್ಲಿ ಗುರುತಿನ ಮುಖಗಳು ಒಂದೊಂದೇ ತಿರುಗಿದವು, ಗುಸುಗುಸು ಎದ್ದಿತು. ಮೊದಲ ಸಾಲಿನಲ್ಲಿ ಅಮ್ಮ ಬೋರಮ್ಮ ಕೂತಿದ್ದಳು. ಪಕ್ಕದ ಕುರ್ಚಿಯ ಮೇಲೆ ಯಾರದೋ ವ್ಯಾನಿಟಿ ಬ್ಯಾಗ್ ಇತ್ತು. ಕುಸುಮಾ ಅದನ್ನೆತ್ತಿ ಕೆಳಗಿಟ್ಟು ಕುಳಿತಳು. ಬೋರಮ್ಮ ತಿರುಗಿ ನೋಡಿದಳು. ಮಗಳ ಕೈ ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ವೇದಿಕೆಯ ಮೇಲೆ ಹಾರ ಹಾಕಿಕೊಂಡು ಕೂತಿದ್ದ ಮಂಜುನಾಥ ನೋಡಿದ. ಇಷ್ಟು ಜನರ ಎದುರು ಇಳಿದು ಬರುವಂತಿರಲಿಲ್ಲ. ಅಷ್ಟರಲ್ಲಿ ಯಾರೋ ದೀಪ ಆರಿಸಿದರು. ವಿಡಿಯೊ ಶುರುವಾಯಿತು.

ಎಲ್ಲರ ಮುಖವೂ ಮೈದಾಹಿಟ್ಟಿನಿಂದ ಮಾಡಿದಂತೆ ನುಣ್ಣಗಿತ್ತು. ಮದುಮಗನ ಪಕ್ಕದಲ್ಲಿ, ಕುಸುಮಾ ಇದ್ದ ಕಡೆ, ಹಿನ್ನೆಲೆಯ ಬಣ್ಣದ ಪರದೆಯ ತುಂಡೊಂದನ್ನು ತುಂಬಲಾಗಿತ್ತು. ಅವನ ಎಡಗೈ ಒಮ್ಮೆ ಇರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ. ಜನ ಮೊದಲು ಗಮನಿಸಲಿಲ್ಲ. ಧಾರೆ ಬಂದಾಗ ಗಮನಿಸಿದರು. ಅವಸರದಲ್ಲಿ ಮಾಡಿದವನು ಹುಡುಗಿಯನ್ನು ಅಳಿಸಿದ್ದ, ಕಳಸವನ್ನು ಬಿಟ್ಟಿದ್ದ. ಮಾವಿನೆಲೆ, ತೆಂಗಿನಕಾಯಿ ಸಮೇತ ಅದು ಯಾರ ಕೈಯ ಆಸರೆಯೂ ಇಲ್ಲದೆ ಮದುಮಗನ ಭುಜದ ಪಕ್ಕ ಗಾಳಿಯಲ್ಲಿ ನಿಂತಿತ್ತು. ಮಕ್ಕಳು ಕಿಸಕ್ಕನೆ ನಕ್ಕರು, ಹಿಂದಿನ ಸಾಲಿನ ಹುಡುಗರು ಮೊಬೈಲ್ ತೆಗೆದರು. ಕುಸುಮಾಳಿಗೂ ನಗು ಬರುತ್ತಿತ್ತು. ಆದರೆ ಆಗ ಅಪ್ಪ ಬಂದ. ಖಾಲಿ ಜಾಗದ ಕಡೆ ಬಾಗಿ ಏನೋ ಹೇಳಿದ, ಗಾಳಿಯಲ್ಲಿದ್ದ ಕಳಸವನ್ನು ಇಳಿಸಿಕೊಂಡ, ಯಾರೂ ಇಲ್ಲದ ಕಡೆ ನೋಡಿ ಅಕ್ಕರೆಯಿಂದ ನಕ್ಕ. ಕುಸುಮಾಳ ನಗು ಅಲ್ಲೇ ಸತ್ತಿತು.

ಪಕ್ಕದಲ್ಲಿ ಬೋರಮ್ಮ ಎದ್ದು ನಿಂತಳು.

“ನಿಲ್ಸು ಅದನ್ನ.”

ಯಾರೋ ನಿಲ್ಲಿಸಿದರು. ದೀಪ ಬಂತು.

“ನಮ್ಮ ಯಜಮಾನ್ರು ಗಾಳಿ ಜೊತೆ ಮಾತಾಡ್ತಿರ್ಲಿಲ್ಲ ಕಣ್ಲಾ ಮಂಜ,” ಎಂದಳು ಬೋರಮ್ಮ. ದನಿ ಜೋರಾಗಿರಲಿಲ್ಲ, ಆದರೂ ಹಿಂದಿನ ಸಾಲಿನ ತನಕ ಕೇಳಿಸಿತು. “ಅವ್ರಿಗೇನು ಬುದ್ಧಿ ಕೆಟ್ಟಿತ್ತಾ? ಅಲ್ಲಿ ನನ್ನ ಮಗ್ಳು ನಿಂತಿದ್ಲು. ಇಗಾ, ಇವ್ಳೇ. ಇಷ್ಟ್ ವರ್ಷ ನಾನೂ ಬಾಯಿ ಮುಚ್ಕೊಂಡಿದ್ದೆ. ಇನ್ ಮುಚ್ಕೊಳಕ್ಕಾಗಕಿಲ್ಲ.”

ಮಂಜುನಾಥನ ಹೆಂಡತಿ ತಲೆ ತಗ್ಗಿಸಿದಳು. ಮಂಜುನಾಥ ಮೈಕು ಹಿಡಿದು, “ಎಲ್ಲರೂ ಊಟಕ್ಕೆ ಏಳಿ” ಎಂದಷ್ಟೇ ಹೇಳಿದ. ಜನ ಏಳುವ ಗದ್ದಲದಲ್ಲಿ ಕೆಳಗಿಳಿದು ತಂಗಿಯ ಬಳಿ ಬಂದ.

“ಆಯ್ತಲ್ಲ, ನೀನು ಅನ್ಕೊಂಡಿದ್ದು. ಈಗ ಹೋಗು.”

“ಊಟ ಮಾಡಿ ಹೋಗ್ತೀನಿ” ಎಂದಳು ಕುಸುಮಾ.

ಅಮ್ಮನ ಕೈ ಹಿಡಿದು ಮೊದಲ ಪಂಕ್ತಿಯಲ್ಲೇ ಕುಳಿತಳು. ನಾಗಭೂಷಣನೂ ಬಂದು ಪಕ್ಕದಲ್ಲಿ ಕೂತ. ಎದುರಿನ ಸಾಲಿನಲ್ಲಿ ರಾಜಾಜಿನಗರದ ಹುಡುಗನ ತಾಯಿ ಅಂಜನಮ್ಮ ಕೂತಿದ್ದರು. ಕೋಸಂಬರಿ ಬಡಿಸುತ್ತಿದ್ದಂತೆ ಕೇಳಿದರು:

“ನೀವು ಚೈತ್ರನ ಸೋದರತ್ತೆನಾ?”

“ಹೌದು.”

“ಯಾರೂ ಇಲ್ಲ ಅಂದಿದ್ರು.”

“ಅಂದಿರ್ತಾರೆ. ಇವರು ನಮ್ಮ ಯಜಮಾನ್ರು, ಲಿಂಗಾಯತರು. ಆವತ್ತಿನ ವಿಡಿಯೊ ತೆಗೆದೋರು ಇವರೇ. ಅದಕ್ಕೇ ನಾನಿಲ್ಲ.”

ಕುಸುಮಾ ಹೋಳಿಗೆಗೆ ತುಪ್ಪ ಹಾಕಿಸಿಕೊಂಡಳು, ಅನ್ನ ಸಾರು ಉಂಡಳು, ಮಜ್ಜಿಗೆಯ ತನಕ ಕೂತು ಎಲೆ ಮಡಿಸಿ ಎದ್ದಳು.

ಆ ಸಂಬಂಧ ಮುರಿಯಿತು. ತಂಗಿಯ ಮದುವೆ ದೊಡ್ಡ ವಿಷಯವಲ್ಲ, ಮುಚ್ಚಿಟ್ಟದ್ದು ಸರಿ ಕಾಣಲಿಲ್ಲ ಎಂದು ಅವರು ಹೇಳಿ ಕಳಿಸಿದರಂತೆ. ನಿಜವೋ ನೆಪವೋ ಯಾರಿಗೆ ಗೊತ್ತು. ಮಂಜುನಾಥ ಫೋನ್ ಮಾಡಿ, “ಎಲ್ಲಾ ನಿನ್ನಿಂದಾನೇ ಆಗಿದ್ದು” ಎಂದು ರೇಗಿದ.

“ನಾನು ಬಂದು ಊಟ ಮಾಡಿದೆ, ಅಷ್ಟೇ. ಸುಳ್ಳು ಹೇಳಿದ್ದು ನೀನು” ಎಂದು ಕುಸುಮಾ ಫೋನ್ ಇಟ್ಟಳು.

ಇಟ್ಟ ಮೇಲೆ ಚೈತ್ರಳದೇ ಯೋಚನೆ. ಹುಡುಗಿ ಬಹಳ ದಿನ ಬರಲಿಲ್ಲ, ಫೋನೂ ಮಾಡಲಿಲ್ಲ. ಒಂದು ಮಧ್ಯಾಹ್ನ ಬೇಕರಿಯ ಬನ್ನು ಹಿಡಿದು ಮೇಲೆ ಬಂದು ಕೂತಳು.

“ನನ್ನ ಮೇಲೆ ಕೋಪಾನಾ?” ಎಂದು ಕುಸುಮಾ ನೇರವಾಗಿಯೇ ಕೇಳಿದಳು.

“ಇತ್ತು. ಹುಡುಗ ಇಷ್ಟ ಆಗಿದ್ದ ಅತ್ತೆ. ಆದ್ರೆ ಆಮೇಲೆ ಅವನೂ ಒಂದು ಫೋನ್ ಮಾಡ್ಲಿಲ್ಲ ನೋಡಿ. ಅವರಮ್ಮ ಹೇಳಿದ ಹಾಗೆ ಸುಮ್ಮನಾಗ್ಬಿಟ್ಟ.” ಬನ್ನು ಮುರಿದು ಅರ್ಧ ಅತ್ತೆಗೆ ಕೊಟ್ಟಳು. “ಈಗ ಸ್ವಲ್ಪ ಕಮ್ಮಿ ಆಗಿದೆ ಕೋಪ.”

ಕುಸುಮಾ ಕ್ಷಮೆ ಕೇಳಲಿಲ್ಲ. ಹುಡುಗಿಯ ಕೋಪ ನ್ಯಾಯವೇ ಎಂದು ಅವಳಿಗೆ ಅನಿಸಿತ್ತು. ಆದರೂ ಆ ಭಾನುವಾರ ಮತ್ತೊಮ್ಮೆ ಬಂದರೆ ಅದೇ ಸೀರೆ ಉಟ್ಟು, ಅದೇ ಮೊದಲ ಸಾಲಿನಲ್ಲಿ ಹೋಗಿ ಕೂರುತ್ತಿದ್ದಳು. ಅದು ಚೈತ್ರಳಿಗೂ ಗೊತ್ತಿತ್ತು.

ಹಾಲ್‌ನಲ್ಲಿ ನೋಡಿದ ನೆಂಟರಲ್ಲಿ ಕೆಲವರು ಮೆಲ್ಲಗೆ ಫೋನ್ ಮಾಡಿ ಪೂರ್ತಿ ವಿಡಿಯೊ ಕೇಳಿದರು. ಗೇಟಿನಲ್ಲಿ ಅಡ್ಡ ನಿಂತಿದ್ದ ಚಿಕ್ಕಪ್ಪನ ಮಗನೂ ಕೇಳಿದ, ಅದರಲ್ಲಿ ತೀರಿಹೋದ ಅವನ ತಾಯಿ ಇದ್ದಳು. ಕುಸುಮಾ ಎಲ್ಲರಿಗೂ ಕಳಿಸಿದಳು. ಮಂಜುನಾಥ ಮಾತ್ರ ಇವತ್ತಿಗೂ ಕೇಳಿಲ್ಲ.

ಬೋರಮ್ಮ ಈಗ ಯಾರಿಗೂ ಹೇಳದೆ ಕೇಳದೆ ಮಲ್ಲತ್ತಹಳ್ಳಿಯಿಂದ ಬಸ್ ಹತ್ತಿ ಬರುತ್ತಾಳೆ. ಮಗ ಕೇಳಿದರೆ, “ಮಗಳ ಮನೆಗೆ” ಎನ್ನುತ್ತಾಳೆ. ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಮಡಿಸಿ ಕೂತು, ಗಂಡ ಬರುವ ಭಾಗವನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತಾಳೆ.

ಮೊನ್ನೆ ಹಾಗೆ ನೋಡುತ್ತ, “ಅವ್ರ ಮುಖ ಕತ್ಲೇಲೈತೆ, ವಸಿ ಬೆಳಕು ಮಾಡು” ಎಂದಳು.

ಕುಸುಮಾ ಬೆಳಕು ಏರಿಸಿದಳು. ಅಪ್ಪನ ಕೆನ್ನೆ, ಮೀಸೆ, ಕಿವಿಯ ಒಂಟಿ ಕಾಣತೊಡಗಿದವು.

“ಇನ್ ವಸಿ.”

ಇನ್ನಷ್ಟು ಏರಿಸಿದಳು.

ಬೋರಮ್ಮ ಮುಂದೆ ಬಾಗಿ ಪರದೆಯ ಹತ್ತಿರ ಮುಖ ಒಯ್ದು ದಿಟ್ಟಿಸಿದಳು. “ಬ್ಯಾಡ, ಇಳಿಸು. ಅಷ್ಟ್ ಬೆಳ್ಳಗೆ ನಾನ್ ಅವ್ರನ್ನ ಯಾವತ್ತೂ ನೋಡಿಲ್ಲ” ಎಂದಳು.